ಬೆಳಗಾವಿಯ ಹೇರ್ ಪ್ಯಾಚ್ ಸೇವೆ: ಎಲ್ಲಿ ಒಪ್ಪುತ್ತದೆ, ಎಲ್ಲಿ ಕೈಕೊಡುತ್ತದೆ

ಬೋಳುತಲೆಗೆ ಅಂಟಿಸುವ ಹೇರ್ ಪ್ಯಾಚ್ ಬೆಳಗಾವಿಗೆ ಹೊಸದಲ್ಲ. ಇಲ್ಲಿನ ಅಂಗಡಿಗಳಿಗೆ ಬಾಗಲಕೋಟೆ, ವಿಜಯಪುರದ ಕಡೆಯಿಂದಲೂ ಗಿರಾಕಿಗಳು ಬರುತ್ತಾರೆ. ತಮ್ಮೂರಲ್ಲಿ ಸಿಗುವುದಿಲ್ಲ ಅಂತಲ್ಲ, ತಮ್ಮೂರ ಕಟಿಂಗ್ ಅಂಗಡಿಯಲ್ಲಿ ಸುದ್ದಿಯಾಗಬಾರದು ಅಂತ. ಲೆಕ್ಕ ತಪ್ಪುವುದೇ ಇಲ್ಲಿ. ಪ್ಯಾಚ್ ಒಮ್ಮೆ ಕೊಂಡು ಮರೆಯುವ ಸಾಮಾನಲ್ಲ. ಮೂರು-ನಾಲ್ಕು ವಾರಕ್ಕೊಮ್ಮೆ ತೆಗೆದು, ತೊಳೆದು, ಮತ್ತೆ ಕೂಡಿಸಬೇಕು. ವಿಜಯಪುರದಿಂದ ಬಸ್ಸಿನಲ್ಲಿ ನಾಲ್ಕೈದು ತಾಸಿನ ದಾರಿ. ಮೊದಲೆರಡು ಸರ್ವಿಸ್ ತಪ್ಪದೆ ಆಗುತ್ತವೆ, ಮೂರನೆಯದು ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಹಣೆಯ ಮೇಲಿನ ಅಂಚು ಏಳುತ್ತದೆ. ಮುಚ್ಚಿಡಲೆಂದು ದೂರದ ಊರು ಹುಡುಕಿದವರ ಗುಟ್ಟು ಹೀಗೇ ಬಯಲಾಗುವುದು.

ಮೊದಲು ಬೇಸ್ ನೋಡಿ. ಕೂದಲು ಹೆಣೆದಿರುವ ಜಾಲರಿ ಅಥವಾ ಪದರಕ್ಕೆ ಅಂಗಡಿಯವರು ಹೇಳುವ ಹೆಸರು ಅದು. ಮೋನೊ ಬೇಸ್ ಅಂದರೆ ನಯವಾದ ನೈಲಾನ್ ಜಾಲರಿ; ಗಟ್ಟಿ, ನೋಡಿಕೊಂಡರೆ ವರ್ಷದ ಹತ್ತಿರ ಬಾಳುತ್ತದೆ, ಆದರೆ ಮುಂದಿನ ಅಂಚು ಕಾಣುತ್ತದೆ. ಲೇಸ್ ಗಾಳಿಯಾಡುತ್ತದೆ, ಹಣೆಯ ಹತ್ತಿರ ಚರ್ಮದಂತೆಯೇ ಕಾಣುತ್ತದೆ, ಬೇಗ ಹರಿಯುತ್ತದೆ. ಪಿಯು ಬೇಸ್ ತೆಳ್ಳನೆಯ ಪ್ಲಾಸ್ಟಿಕ್ ಪದರ. ಅಂಟು ಒರೆಸುವುದು ಸುಲಭ, ಬೆವರು ಹೊರಹೋಗಲು ದಾರಿ ಇಲ್ಲ. ಏಪ್ರಿಲ್-ಮೇದಲ್ಲಿ ನಲವತ್ತು ಡಿಗ್ರಿ ದಾಟುವ ವಿಜಯಪುರದ ಬಿಸಿಲಿಗೆ ಪೂರ್ತಿ ಪಿಯು ಬೇಡವೇ ಬೇಡ. ಮುಂದೆ ಲೇಸ್, ನಡುವೆ ಮೋನೊ, ಸುತ್ತ ಪಿಯು ಪಟ್ಟಿ ಇರುವುದನ್ನು ಕೇಳಿ. ಕ್ಲಿಪ್ಪಿನದು ಅಗ್ಗ, ರಾತ್ರಿ ತೆಗೆದಿಡಬಹುದು, ಆದರೆ ದಿನಾ ಒಂದೇ ಜಾಗದಲ್ಲಿ ಎಳೆದು ಉಳಿದ ಕೂದಲನ್ನೂ ಉದುರಿಸುತ್ತದೆ. ಬೈತಲೆ ಅಗಲವಾದ ಹೆಂಗಸರು ಹಾಕುವ ಟಾಪರ್‌ಗೂ ಇದೇ ಮಾತು: ಕ್ಲಿಪ್ಪಿನ ಜಾಗ ಆಗಾಗ ಬದಲಿಸಬೇಕು.

ಬೇಸ್ ಚಲೋ ಇದ್ದೂ ಪ್ಯಾಚ್ ಸುಳ್ಳೆಂದು ಕಂಡರೆ ತಪ್ಪು ಬಹುಮಟ್ಟಿಗೆ ಆರ್ಡರ್ ಬರೆಸುವಾಗ ಆಗಿರುತ್ತದೆ. ಗಿರಾಕಿ ನಲವತ್ತರ ತಲೆಗೆ ಹದಿನೆಂಟರ ಕೂದಲು ಕೇಳುತ್ತಾನೆ. ಹಣೆಗೆರೆ ಹುಬ್ಬಿನಿಂದ ನಾಲ್ಕು ಬೆರಳು ಮೇಲಿರಬೇಕು, ವಯಸ್ಸಾದವರಿಗೆ ಇನ್ನೂ ತುಸು ಮೇಲೆ, ಎರಡೂ ಬದಿ ಸ್ವಲ್ಪ ಒಳಸರಿದು. ಕೇಳುವುದು ಮೂರು ಬೆರಳಿನ ನೇರ ಗೆರೆ. ಕೂದಲಿನ ದಟ್ಟಣೆ ಅಂಗಡಿಯವರ ಅಳತೆಯಲ್ಲಿ 80ರಿಂದ 100 ಪ್ರತಿಶತ ಸಾಕು, ಬರೆಸುವುದು 130. ಕಿವಿಯ ಮೇಲೆ ನೆರೆ ಬಂದಿರುತ್ತದೆ. ನೂರಕ್ಕೆ ಹತ್ತು, ಇಪ್ಪತ್ತು ಬಿಳಿಕೂದಲು ಬೆರೆಸಿದ ಪ್ಯಾಚ್ ತರಿಸಬಹುದು ಎಂದರೆ ‘ಅದ್ಯಾಕ್ರಿ, ಪೂರ್ತಿ ಕರೀದ ಕೊಡ್ರಿ’. ಆಮೇಲೆ ಬದಿಯ ಕೂದಲಿಗೆ ಎರಡು ವಾರಕ್ಕೊಮ್ಮೆ ಡೈ.

ಇದು ಬರೀ ಆಸೆ ಅಲ್ಲ. ತನ್ನ ತಲೆ ಈಗ ಹೇಗಿದೆ ಎಂದು ನೋಡಲು ಮನಸ್ಸಿಲ್ಲದವನ ಆರ್ಡರ್ ಇದು. ಅಳತೆ ತೆಗೆಯುವಾಗ ಮೊಬೈಲ್ ನೋಡುತ್ತ ಕೂಡುವವನು, ಪ್ಯಾಚ್ ತೆಗೆದಾಗ ಕನ್ನಡಿಗೆ ಬೆನ್ನು ಹಾಕುವವನು ಕೊನೆಗೆ ಹೆಚ್ಚು ಕಷ್ಟಪಡುತ್ತಾನೆ, ಏಕೆಂದರೆ ಸ್ವಚ್ಛ ಮಾಡುವುದನ್ನು ಅವನು ಕಲಿಯುವುದೇ ಇಲ್ಲ. ಜನ ತನ್ನ ನೆತ್ತಿಯನ್ನೇ ನೋಡುತ್ತಿದ್ದಾರೆ ಎಂಬ ಹೆದರಿಕೆಯೂ ದಟ್ಟಣೆಯನ್ನು ಏರಿಸುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮುಜುಗರ ತರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ಗಮನಿಸಿದ್ದು ಸುಮಾರು ಕಾಲುಭಾಗ. ತೆಳು ಪ್ಯಾಚ್ ಹಾಕಿಸಿಕೊಳ್ಳಲು ಹಿಂಜರಿಯುವವರಿಗೆ ಈ ಲೆಕ್ಕ ಹೇಳಬೇಕು. ದಟ್ಟ ಕರಿ ಟೋಪಿಯಂಥದ್ದನ್ನು ಮಾತ್ರ ಯಾರೂ ಬಿಡುವುದಿಲ್ಲ, ಎಲ್ಲರೂ ನೋಡುತ್ತಾರೆ.

ಕೂಡಿಸುವ ಕೆಲಸವನ್ನು ಕಣ್ಣಿಟ್ಟು ನೋಡಿ. ಹಳೆಯದನ್ನು ತೆಗೆಯಲು ರಿಮೂವರ್ ಅಂಚಿಗೆ ಸಿಂಪಡಿಸಿ ಮೂರು-ನಾಲ್ಕು ನಿಮಿಷ ಬಿಡಬೇಕು, ನಿಧಾನಕ್ಕೆ ಎತ್ತಬೇಕು. ಗಡಿಬಿಡಿಯಲ್ಲಿ ಎಳೆದರೆ ಲೇಸೂ ಹರಿಯುತ್ತದೆ, ಚರ್ಮವೂ ಕೆಂಪಾಗುತ್ತದೆ. ಆಮೇಲೆ ಶಾಂಪೂ, ಒಣಗಿಸುವುದು, ಎಪ್ಪತ್ತು ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಚರ್ಮ ಒರೆಸುವುದು, ಅಂಟಿನಿಂದ ಚರ್ಮ ಕಾಯುವ ರಕ್ಷಕ ದ್ರವದ ಒಂದು ಪದರ, ಅದು ಆರಿದ ಮೇಲೆ ಎರಡೂ ಬದಿ ಅಂಟುವ ಟೇಪ್. ಟೇಪು ಅಂಚಿನಿಂದ ಎರಡು ಮಿಲಿಮೀಟರ್ ಒಳಗಿರಬೇಕು, ಇಲ್ಲದಿದ್ದರೆ ಧೂಳು ಹತ್ತಿ ಕಪ್ಪು ಗೆರೆ ಮೂಡುತ್ತದೆ. ಹಣೆಯ ಕಡೆ ಮೊದಲು ಕೂಡಿಸಿ ಹಿಂದಕ್ಕೆ ಸಾಗಬೇಕು. ಮೊದಲ 24 ತಾಸು ನೀರು ತಾಗಬಾರದು. ರಕ್ಷಕ ದ್ರವ ಆರುವ ಮುನ್ನವೇ ಅಂಟಿಸಿ ‘ಆತ್ರಿ, ಏಳ್ರಿ’ ಎನ್ನುವ ಅಂಗಡಿಗೆ ಮತ್ತೆ ಹೋಗಬೇಡಿ. ಪರದೆ ಎಳೆದ ಪ್ರತ್ಯೇಕ ಕೋಣೆ ಇದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳುವುದೂ ಒಳ್ಳೆಯದು. ಮುಚ್ಚಿಡುವುದನ್ನೇ ಮಾರುವವರು ಕೆಲವೊಮ್ಮೆ ಬಾಗಿಲ ಎದುರಿನ ಕುರ್ಚಿಯಲ್ಲೇ ಕೂಡಿಸಿಬಿಡುತ್ತಾರೆ.

ನಮ್ಮ ಕಡೆಯ ಬದುಕಿಗೆ ಹೊಂದುವ ಸೂಚನೆ ಯಾವ ಡಬ್ಬಿಯ ಮೇಲೂ ಇರುವುದಿಲ್ಲ. ಟೇಪಿನ ದೊಡ್ಡ ವೈರಿ ಎಣ್ಣೆ. ಮದುವೆ ಮನೆಯಲ್ಲಿ ಅರಿಷಿಣ, ಎಣ್ಣೆ ಹಚ್ಚಿ ಸುರಗಿ ನೀರು ಹಾಕಿದರೆ ಎಂಥ ಅಂಟೂ ಸಡಿಲಾಗುತ್ತದೆ. ಸರ್ವಿಸನ್ನು ಎರಡು ದಿನ ಮೊದಲು ಮುಗಿಸಿ, ನೆತ್ತಿಗೆ ಎಣ್ಣೆ ಬೇಡ ಎಂದು ಹಚ್ಚುವವರಿಗೆ ಹೇಳಿಡಬೇಕು. ಅಂದರೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು. ಸಂಕ್ರಮಣಕ್ಕೆ ಕೂಡಲಸಂಗಮದಲ್ಲಿ ಮುಳುಗು ಹಾಕುವವರು ಬಂದ ಮೇಲೆ ಅಂಚು ಪೂರ್ತಿ ಒಣಗಿಸಬೇಕು. ಬಾಗಲಕೋಟೆಯ ಹೋಳಿ ಇನ್ನೂ ಕಷ್ಟ. ಬಂಡಿಯ ಮೇಲಿನ ಬ್ಯಾರಲ್ಲಿನ ಬಣ್ಣ ಪ್ಯಾಚಿನ ಕೂದಲಿಗೆ ಹತ್ತಿದರೆ ಬಿಡುವುದಿಲ್ಲ, ಏಕೆಂದರೆ ಅದು ಮೊದಲೇ ರಾಸಾಯನಿಕದಲ್ಲಿ ಹದಗೊಂಡ ಕೂದಲು, ತಲೆಯಿಂದ ಜಿಡ್ಡು ಸಿಗುವುದಿಲ್ಲ, ಹೊಸದಾಗಿ ಬೆಳೆಯುವುದೂ ಇಲ್ಲ. ಆ ದಿನಗಳಲ್ಲಿ ಟೋಪಿಯೇ ಗತಿ. ಬೋರ್‌ವೆಲ್ಲಿನ ಗಡಸು ನೀರಿನಿಂದ ಕೂದಲು ಒರಟಾದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿ ಕೊನೆಗೆ ಕೂದಲಿನ ತುದಿಯ ಕಡೆ ಸುರಿದುಕೊಳ್ಳಬಹುದು. ಬಿಸಿಲಿಗೆ ಬಣ್ಣ ಕೆಂಪಗಾಗುವುದನ್ನು ತಡೆಯಲಾಗದು.

ಅಂಟಿನ ಅಲರ್ಜಿ ತಿಳಿಯಲು ಟೇಪಿನ ಚೂರೊಂದನ್ನು ಮುಂಗೈ ಒಳಬದಿಗೆ ಅಂಟಿಸಿ 48 ತಾಸು ಕಾಯಿರಿ. ಕಪ್ಪು ಡೈಗೂ ಇದೇ ಪರೀಕ್ಷೆ, ಅದರಲ್ಲಿನ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಎಷ್ಟೋ ಜನರಿಗೆ ಆಗಿಬರುವುದಿಲ್ಲ. ಪ್ಯಾಚಿನ ಕೆಳಗೆ ತುರಿಕೆ, ಗುಳ್ಳೆ ಎದ್ದರೂ ಹೇಳದೆ ಅದರ ಮೇಲೆಯೇ ಮತ್ತೆ ಅಂಟಿಸಿಕೊಳ್ಳುವುದು ಈ ಸೇವೆಯ ದೊಡ್ಡ ಅಪಾಯ. ರೂಪಾಯಿ ಗಾತ್ರದಲ್ಲಿ ದಿಢೀರನೆ ಉದುರಿದ್ದರೆ, ಹೊಟ್ಟು ಏಳುತ್ತಿದ್ದರೆ, ಜೋರು ಜ್ವರ ಬಂದ ಎರಡು-ಮೂರು ತಿಂಗಳಿಗೆ ಉದುರಲು ಶುರುವಾಗಿದ್ದರೆ ಪ್ಯಾಚ್ ಆಮೇಲೆ, ಚರ್ಮರೋಗ ತಜ್ಞರು ಮೊದಲು. ಜ್ವರದ ನಂತರ ಉದುರಿದ್ದು ಬಹಳಷ್ಟು ಮಂದಿಗೆ ತಾನಾಗಿ ಬರುತ್ತದೆ. ಬೆಳಗಾವಿಯ ಸರ್ಕಾರಿ ಬಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಅಂಗಡಿಯವರು ಇದನ್ನು ಕೇಳಿ ನಿಮ್ಮನ್ನು ವಾಪಸ್ ಕಳಿಸಿದರೆ ಅದು ನಂಬಬಹುದಾದ ಅಂಗಡಿ.

ಕನ್ಯಾ ನೋಡಲು ಹೋಗುವ ಮುನ್ನ ಹಾಕಿಸುವವರು ಬಹಳ. ಹಾಕಿಸಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಸೋಯರಿಕೆ ಗಟ್ಟಿಯಾಗುವ ಮುನ್ನ ಹುಡುಗಿಗೆ ಹೇಳಬೇಕು. ಬಚ್ಚಲಲ್ಲಿ ರಿಮೂವರ್ ಬಾಟಲಿ, ತಿಂಗಳಿಗೊಮ್ಮೆ ಅರ್ಧ ದಿನ ಗೈರು, ಇವನ್ನು ಸಂಸಾರದಲ್ಲಿ ಮುಚ್ಚಿಡುವ ಉಪಾಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ದುಡ್ಡಿನ ಮಾತು. ಪ್ಯಾಚಿನ ಬೆಲೆಯಷ್ಟೇ ಕೇಳಿ ಬರಬೇಡಿ. ಒಂದು ಸರ್ವಿಸಿಗೆ ಎಷ್ಟು, ಅದರಲ್ಲಿ ಟೇಪ್ ಸೇರಿದೆಯೋ ಇಲ್ಲವೋ, ಕೂದಲು ಉದುರಿದರೆ ಎಷ್ಟು ತಿಂಗಳವರೆಗೆ ಬದಲಿ ಕೊಡುತ್ತಾರೆ, ಇಷ್ಟನ್ನೂ ರಸೀದಿಯ ಮೇಲೆ ಬರೆಸಿಕೊಳ್ಳಿ. ಹೊಸ ಪ್ಯಾಚ್ ಬರುವವರೆಗೆ ತಲೆ ಬರಿದಾಗಬಾರದು ಎನ್ನುವವರು ಎರಡು ಕೊಳ್ಳಬೇಕಾಗುತ್ತದೆ. ಆ ಲೆಕ್ಕ ಜೇಬಿಗೆ ಭಾರವಾದರೆ ಎರಡು ಮಿಲಿಮೀಟರಿನ ಮಷಿನ್ ಕಟಿಂಗ್ ನೋಡಿ. ಖರ್ಚು ಕಡಿಮೆ, ಮನೆಯಲ್ಲೇ ಆಗುತ್ತದೆ.