ಇ-ಟೈಪ್ ಹುಟ್ಟಿದ್ದು ಬಲಗಡೆ ಸ್ಟೀರಿಂಗ್‌ನಲ್ಲೇ? ಜಾಗ್ವಾರ್ ಹೆರಿಟೇಜ್ ಸರ್ಟಿಫಿಕೇಟ್ ಎಷ್ಟು ಹೇಳುತ್ತದೆ, ಎಲ್ಲಿ ನಿಲ್ಲುತ್ತದೆ

ಸ್ಟೀರಿಂಗ್ ಬಲಕ್ಕಿದೆ, ಮೀಟರುಗಳು ಬಲಕ್ಕಿವೆ, ನೋಂದಣಿ ಬ್ರಿಟನ್ನಿನದು. ಇಷ್ಟನ್ನು ನೋಡಿ ಜಾಗ್ವಾರ್ ಇ-ಟೈಪ್ ಒಂದಕ್ಕೆ ಮುಂಗಡ ಕೊಡುವುದು ದುಡುಕು. 1961ರಲ್ಲಿ ಜಿನೀವಾದಲ್ಲಿ ತೆರೆ ಸರಿದ ಈ ಸ್ಪೋರ್ಟ್ಸ್ ಕಾರು ಇಂಗ್ಲೆಂಡಿನ ಕವೆಂಟ್ರಿಯಲ್ಲಿ 72,000ಕ್ಕೂ ಹೆಚ್ಚು ತಯಾರಾಯಿತು. ಅವುಗಳಲ್ಲಿ ಹೆಚ್ಚಿನವು ಎಡಗಡೆ ಸ್ಟೀರಿಂಗ್‌ನವು, ಅಮೆರಿಕಕ್ಕೆ ಹಡಗು ಹತ್ತಿದವು. ದಶಕಗಳ ಬಳಿಕ ಬೆಲೆ ಏರಿದಾಗ ಎಷ್ಟೋ ಕಾರುಗಳು ಬ್ರಿಟನ್ನಿಗೆ ವಾಪಸಾದವು, ಸ್ಟೀರಿಂಗ್ ಬಲಕ್ಕೆ ಬಂತು. ಕಾನೂನಿನಲ್ಲಿ ಇದಕ್ಕೇನೂ ಅಡ್ಡಿಯಿಲ್ಲ. ಆದರೆ ಬಲಗಡೆ ಸ್ಟೀರಿಂಗ್‌ನಲ್ಲೇ ಹುಟ್ಟಿದ ಕಾರಿಗೆ ಬ್ರಿಟನ್ನಿನ ಮಾರುಕಟ್ಟೆ ಹೆಚ್ಚು ದುಡ್ಡು ಕೊಡುತ್ತದೆ. ಹಾಗಾಗಿ ಮಾರುವವರು ಈ ವಿಷಯದಲ್ಲಿ ಮೌನ ವಹಿಸುವುದುಂಟು.

ಈ ಮೌನ ಒಡೆಯಲು ಮೊದಲು ತರಿಸಬೇಕಾದದ್ದು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಸರ್ಟಿಫಿಕೇಟ್. ಕಾರ್ಖಾನೆಯ ಮೂಲ ಲೆಡ್ಜರುಗಳನ್ನು ನೋಡಿ ಬರೆದುಕೊಡುವ ಕಾಗದ ಇದು. ಮಾದರಿ, ಸ್ಟೀರಿಂಗ್ ಯಾವ ಕಡೆಯದು, ಚಾಸಿ, ಎಂಜಿನ್, ಬಾಡಿ ಮತ್ತು ಗೇರ್‌ಬಾಕ್ಸ್ ಸಂಖ್ಯೆಗಳು, ತಯಾರಾದ ದಿನ, ರವಾನೆಯಾದ ದಿನ, ಯಾವ ವಿತರಕರಿಗೆ ಹೋಯಿತು, ಮೂಲ ಬಣ್ಣ, ಒಳಗಿನ ಚರ್ಮದ ಬಣ್ಣ, ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಇಷ್ಟು ಖಚಿತ ಮಾಹಿತಿ ಬೇರೆ ಯಾವ ದಾರಿಯಲ್ಲೂ ಸಿಗದು. ಅರ್ಜಿ ಹಾಕಬೇಕಾದವರು ಮಾಲೀಕರು, ಮಾಲೀಕತ್ವದ ದಾಖಲೆಯನ್ನೂ ಕೊಡಬೇಕು. ಆದ್ದರಿಂದ ಕೊಳ್ಳುವವರು ಮಾರುವವರಿಂದಲೇ ತರಿಸಬೇಕು. ‘ಹಳೆಯದೊಂದು ಇದೆಯಲ್ಲ’ ಎಂದು ನೆರಳಚ್ಚು ಪ್ರತಿ ಮುಂದಿಟ್ಟರೆ ಅಷ್ಟಕ್ಕೆ ಒಪ್ಪಬೇಡಿ.

ಸರ್ಟಿಫಿಕೇಟ್ ಕೈಗೆ ಬರುವ ಮೊದಲೇ ಚಾಸಿ ಸಂಖ್ಯೆ ಅರ್ಧ ಕಥೆ ಹೇಳಿಬಿಡುತ್ತದೆ. ಜಾಗ್ವಾರ್ ಎರಡೂ ಬಗೆಗೆ ಬೇರೆ ಬೇರೆ ಸರಣಿ ಇಟ್ಟಿತ್ತು. 3.8 ಲೀಟರ್ ಎಂಜಿನ್‌ನ ತೆರೆದ ಕಾರಿನಲ್ಲಿ ಬಲಗಡೆಯದು 850001ರಿಂದ, ಎಡಗಡೆಯದು 875001ರಿಂದ ಶುರು. ಮುಚ್ಚಿದ ಕೂಪೆಯಲ್ಲಿ 860001 ಮತ್ತು 885001. 4.2 ಲೀಟರ್‌ಗೆ ಬಂದರೆ ತೆರೆದ ಕಾರು 1ಇ1001 ಮತ್ತು 1ಇ10001, ಕೂಪೆ 1ಇ20001 ಮತ್ತು 1ಇ30001, ಹಿಂದೆ ಪುಟ್ಟ ಸೀಟಿರುವ ಟೂ ಪ್ಲಸ್ ಟೂ 1ಇ50001 ಮತ್ತು 1ಇ75001. ಎರಡನೇ ಸರಣಿಯ (ಸೀರೀಸ್ 2 ಮಾದರಿಯ) ತೆರೆದ ಕಾರು 1ಆರ್1001 ಮತ್ತು 1ಆರ್7001, ಕೂಪೆ 1ಆರ್20001 ಮತ್ತು 1ಆರ್25001. ವಿ12 ಎಂಜಿನ್‌ನ ತೆರೆದ ಕಾರು 1ಎಸ್1001 ಮತ್ತು 1ಎಸ್20001. ಪ್ರತಿ ಜೋಡಿಯಲ್ಲೂ ಮೊದಲಿನದು ಬಲಗಡೆಯದು. ಸಂಖ್ಯೆಯ ಕೊನೆಯಲ್ಲಿ ಬಿಡಬ್ಲ್ಯು ಇದ್ದರೆ ಅದು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಗುರುತು, ಸ್ಟೀರಿಂಗ್‌ಗೆ ಸಂಬಂಧವಿಲ್ಲ. ಬಲಕ್ಕೆ ಸ್ಟೀರಿಂಗ್ ಇರುವ ಕಾರಿನ ಮೇಲೆ 1ಇ13000ದ ಆಸುಪಾಸಿನ ಸಂಖ್ಯೆ ಕಂಡರೆ ಅದು ಪರಿವರ್ತನೆಯಾದದ್ದೇ, ವಾದಕ್ಕೆ ಎಡೆಯಿಲ್ಲ.

ರವಾನೆಯಾದ ಊರನ್ನು ಮಾತ್ರ ನೋಡಿ ತೀರ್ಮಾನಿಸುವುದು ತಪ್ಪು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಕ್ಕೆ ಹೋದವು ರಫ್ತಾದರೂ ಬಲಗಡೆಯವೇ. ಬ್ರಿಟನ್ನಿಗೆ ಬಂದ ಅಮೆರಿಕನ್ನರು ಅಲ್ಲೇ ಕೈಗೆ ಪಡೆದು, ಆಮೇಲೆ ಊರಿಗೆ ಒಯ್ದ ಎಡಗಡೆಯ ಕಾರುಗಳೂ ಇವೆ.

ಈ ಸೇವೆಯ ಮಿತಿ ಇರುವುದು ಇಲ್ಲಿ: ಟ್ರಸ್ಟ್ ಹೇಳುವುದು ಆ ಸಂಖ್ಯೆಯ ಕಾರು ಹೇಗೆ ಹುಟ್ಟಿತು ಎಂದು. ನಿಮ್ಮ ಮುಂದೆ ನಿಂತಿರುವುದು ಅದೇ ಕಾರು ಎಂದಲ್ಲ. ಇ-ಟೈಪ್‌ನ ರಚನೆಯಿಂದಾಗಿ ಈ ವ್ಯತ್ಯಾಸಕ್ಕೆ ಬಹಳ ತೂಕವಿದೆ. ಬಲ್ಕ್‌ಹೆಡ್‌ನಿಂದ, ಅಂದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಿಂದ, ಹಿಂದಕ್ಕೆ ಮಾತ್ರ ಒಂದೇ ಉಕ್ಕಿನ ಬಾಡಿ. ಅದರ ಮುಂದೆ ಎಂಜಿನ್ ಹೊರುವುದು ಬೋಲ್ಟ್ ಹಾಕಿ ಕೂರಿಸಿದ ಕೊಳವೆಗಳ ಚೌಕಟ್ಟು. ಚಾಸಿ ಸಂಖ್ಯೆ ಕೊರೆದಿರುವುದು ಈ ಚೌಕಟ್ಟಿನ ತುದಿಯ ‘ಪಿಕ್ಚರ್ ಫ್ರೇಮ್’ ಮೇಲೆ, ಬಲಬದಿಯ ಡ್ಯಾಂಪರ್‌ನ (ಶಾಕ್ ಅಬ್ಸಾರ್ಬರ್) ಮೇಲ್ತುದಿ ಸೇರುವಲ್ಲಿ. ಅಂದರೆ ಕಾರಿನ ಗುರುತೇ ಬಿಚ್ಚಿ ಬದಲಿಸಬಹುದಾದ ಭಾಗದ ಮೇಲಿದೆ! ಈ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುವುದರಿಂದ ಹೊಸ ಚೌಕಟ್ಟು ಹಾಕಿ ಹಳೆಯ ಸಂಖ್ಯೆಯನ್ನೇ ಮತ್ತೆ ಕೊರೆಯುವುದು ನ್ಯಾಯವಾದ ದುರಸ್ತಿಯೇ. ಅದೇ ದಾರಿಯಲ್ಲಿ, ಗುಜರಿ ಸೇರಿದ ಬಲಗಡೆ ಕಾರಿನ ಸಂಖ್ಯೆಯನ್ನು ಅಮೆರಿಕದಿಂದ ಬಂದ ಬಾಡಿಯ ಮುಂದೆ ಕೂರಿಸಲೂ ಸಾಧ್ಯ.

ಹಾಗಾಗಿ ಸರ್ಟಿಫಿಕೇಟ್‌ನಲ್ಲಿ ಮೊದಲು ಕಣ್ಣು ಹಾಯಿಸಬೇಕಾದದ್ದು ಬಾಡಿ ಸಂಖ್ಯೆಯ ಮೇಲೆ. ಅದು ಸ್ಕಟಲ್‌ನ (ಮುಂದಿನ ಗಾಜಿನ ಕೆಳಗಿನ ಬಾಡಿ ಭಾಗದ) ಬಲಬದಿಯ ಸಣ್ಣ ತಟ್ಟೆಯಲ್ಲಿದೆ. ಆರು ಸಿಲಿಂಡರ್ ಕಾರುಗಳಲ್ಲಿ ಎಂಜಿನ್ ಸಂಖ್ಯೆ ಬ್ಲಾಕ್‌ನ ಬಲಬದಿಯಲ್ಲಿ ಆಯಿಲ್ ಫಿಲ್ಟರ್ ಮೇಲ್ಗಡೆ ಇದೆ, ಸಿಲಿಂಡರ್ ಹೆಡ್‌ನ ಮುಂತುದಿಯಲ್ಲೂ ಇದೆ. ಗೇರ್‌ಬಾಕ್ಸ್ ಸಂಖ್ಯೆ ಅದರ ಎಡ ಹೆಗಲ ಮೇಲೆ. ನಾಲ್ಕೂ ಹೊಂದಿದರೆ ನೆಮ್ಮದಿ. ಎಂಜಿನ್ ಒಂದು ಹೊಂದದಿದ್ದರೆ ಐವತ್ತು ವರ್ಷ ಮೀರಿದ ಕಾರಿನಲ್ಲಿ ಅದು ಸಹಜ. ಚಾಸಿ ಹೊಂದಿ ಬಾಡಿ ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ, ವಿವರಣೆ ಕೇಳಿ. ತಟ್ಟೆಯ ರಿವೆಟ್‌ಗಳು ಹೊಳೆಯುವ ಹೊಸವಾಗಿದ್ದರೂ ಹಾಗೆಯೇ.

ನಂತರ ಟಾರ್ಚ್ ಹಿಡಿದು ಬಗ್ಗಿ ನೋಡುವ ಕೆಲಸ. ಬಲ್ಕ್‌ಹೆಡ್‌ನ ಎಡಬದಿಯಲ್ಲಿ ಪೆಡಲ್ ಪೆಟ್ಟಿಗೆ, ಸ್ಟೀರಿಂಗ್ ಕಾಲಂ ಇದ್ದ ಜಾಗದಲ್ಲಿ ವೆಲ್ಡ್ ಗುರುತು, ಮುಚ್ಚಿದ ತೂತು, ಕೆಲಸವಿಲ್ಲದ ಬ್ರೇಕ್ ಪೈಪ್ ಕ್ಲಿಪ್ಪುಗಳಿವೆಯೇ ನೋಡಿ. ಕಾರ್ಪೆಟ್ ಎತ್ತಿ ಒಳಗಿನಿಂದಲೂ ಅದೇ ಜಾಗ ನೋಡಿ, ಬಣ್ಣ ಬಳಿದು ಮರೆಮಾಡಿದ್ದು ಒಳಗಡೆ ಬಯಲಾಗುತ್ತದೆ. ವೈಪರ್‌ಗಳು ಎಡಗಡೆ ಕಾರಿನಲ್ಲಿ ಒಂದು ದಿಕ್ಕಿಗೆ, ಬಲಗಡೆಯದರಲ್ಲಿ ಇನ್ನೊಂದು ದಿಕ್ಕಿಗೆ ಮಲಗುತ್ತವೆ. ಅವಸರದ ಪರಿವರ್ತನೆಯಲ್ಲಿ ಇದನ್ನು ಹಾಗೇ ಬಿಟ್ಟಿರುತ್ತಾರೆ, ಆಗ ಚಾಲಕನ ಮುಂದಿನ ಮೂಲೆ ಒರೆಸದೆ ಉಳಿಯುತ್ತದೆ. ಸ್ಟೀರಿಂಗ್ ರ‍್ಯಾಕ್ ಕೂಡ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಅದು ಸರಿಯಾದ ಎತ್ತರದಲ್ಲಿ ಕೂರದಿದ್ದರೆ ಗುಂಡಿ ಹತ್ತಿಳಿಯುವಾಗ ಚಕ್ರ ತಾನಾಗಿ ತಿರುಗುತ್ತದೆ. ಇಲ್ಲಿಗೆ ಇದು ಬೆಲೆಯ ಮಾತಲ್ಲ, ಜೀವದ ಮಾತು. ಓಡಿಸಿ ನೋಡದೆ ಬಿಡಬೇಡಿ.

ಅಮೆರಿಕದ ಗುರುತುಗಳು ಎರಡನೇ ಸರಣಿಯಲ್ಲಿ ಸುಲಭವಾಗಿ ಸಿಗುತ್ತವೆ. ಅಲ್ಲಿನ ನಿಯಮಕ್ಕಾಗಿ ಬಾನೆಟ್ ಪಕ್ಕದಲ್ಲೂ ಹಿಂದಿನ ಮಡ್‌ಗಾರ್ಡ್ ಭಾಗದಲ್ಲೂ ಸಣ್ಣ ದೀಪಗಳಿದ್ದವು. ತೂತು ತುಂಬಿ ಬಣ್ಣ ಹೊಡೆದಿದ್ದರೂ ಬಾನೆಟ್‌ನ ಒಳಮೈಯಲ್ಲಿ ಕಲೆ ಉಳಿಯುತ್ತದೆ. ಬ್ರಿಟನ್ ಕಾರಿಗೆ ಮೂರು ಎಸ್‌ಯು ಕಾರ್ಬ್ಯುರೇಟರ್, ಅಮೆರಿಕದ್ದಕ್ಕೆ ಎರಡು ಸ್ಟ್ರಾಂಬರ್ಗ್. ಇವನ್ನು ಬದಲಿಸುವುದು ಸುಲಭ, ಆದರೆ ಹಿಂದಿನ ಆಕ್ಸಲ್ ಬದಲಿಸಲು ಬಹಳ ಜನ ಕೈಹಾಕುವುದಿಲ್ಲ. 4.2ರಲ್ಲಿ ಆಕ್ಸಲ್‌ನ ಗೇರ್ ಅನುಪಾತ ಬ್ರಿಟನ್‌ಗೆ 3.07, ಅಮೆರಿಕಕ್ಕೆ ಸಾಮಾನ್ಯವಾಗಿ 3.54. ಈ ಸಂಖ್ಯೆ ಹೆಚ್ಚಿದಷ್ಟೂ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ಹೆದ್ದಾರಿಯಲ್ಲಿ ಎಂಜಿನ್ ಇರಬೇಕಾದ್ದಕ್ಕಿಂತ ಜೋರಾಗಿ ಕೂಗುತ್ತಿದ್ದರೆ ಇದನ್ನೇ ಶಂಕಿಸಿ.

ಬ್ರಿಟನ್ನಿನ ವಿ5ಸಿ ನೋಂದಣಿ ಪತ್ರವನ್ನೂ ಸರ್ಟಿಫಿಕೇಟ್ ಪಕ್ಕದಲ್ಲಿಟ್ಟು ಓದಿ. 1966ರಲ್ಲಿ ತಯಾರಾದ ಕಾರು ಅಲ್ಲಿ ಮೊದಲು ನೋಂದಣಿಯಾದದ್ದು 1989ರಲ್ಲಿ ಎಂದಿದ್ದರೆ ಹೊರಗಿನಿಂದ ಬಂದದ್ದೆಂಬುದು ಸ್ಪಷ್ಟ. ಅಂಥ ಕಾರಿಗೆ ವಯಸ್ಸಿಗೆ ತಕ್ಕ ಹಳೆಯ ಬಗೆಯ ನಂಬರ್ ಕೊಡುತ್ತಾರೆ, ಅದನ್ನು ಬೇರೆ ಕಾರಿಗೆ ವರ್ಗಾಯಿಸಲಾಗದು.

ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ ಎಂಬ ಬ್ರಿಟಿಷ್ ಕಾರುಗಳಿಗೆ ಇಂಥದೇ ಸರ್ಟಿಫಿಕೇಟ್ ಇಂಗ್ಲೆಂಡಿನ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕೊಡುತ್ತದೆ. ಅಲ್ಲೂ ಸಂಖ್ಯೆಯೇ ಮೊದಲು ಮಾತಾಡುತ್ತದೆ: ಎಂಜಿಬಿಯ ಜಿಎಚ್‌ಎನ್3ಎಲ್, ಹೀಲಿ 3000ದ ಎಚ್‌ಬಿಜೆ8ಎಲ್‌ಗಳಲ್ಲಿನ ಎಲ್ ಎಡಗಡೆ ಸ್ಟೀರಿಂಗ್‌ನದು. ಟ್ರಯಂಫ್ ಟಿಆರ್6ನಲ್ಲಿ ಸಿಸಿ ಎಂದಿದ್ದರೆ ಕಾರ್ಬ್ಯುರೇಟರ್‌ನ ಅಮೆರಿಕ ಕಾರು, ಸಿಪಿ ಎಂದಿದ್ದರೆ ಪೆಟ್ರೋಲ್ ಇಂಜೆಕ್ಷನ್‌ನದು.

ಒಪ್ಪವಾಗಿ ಪರಿವರ್ತಿಸಿ, ಅದನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರುವ ಇ-ಟೈಪ್ ಓಡಿಸಲು ಯಾವುದಕ್ಕೂ ಕಡಿಮೆಯಲ್ಲ. ಸಂಗ್ರಹಕ್ಕಲ್ಲದೆ ಸವಾರಿಗೆ ಕೊಳ್ಳುವವರಿಗೆ ಅಂಥದ್ದೇ ಜಾಣ ಆಯ್ಕೆ. ಆದರೆ ಮಾರಾಟ ಪತ್ರದಲ್ಲಿ ‘ಬಲಗಡೆ ಸ್ಟೀರಿಂಗ್’ ಎಂದಷ್ಟೇ ಬರೆಸಬೇಡಿ. ‘ಕಾರ್ಖಾನೆಯಲ್ಲೇ ಬಲಗಡೆ ಸ್ಟೀರಿಂಗ್‌ನಲ್ಲಿ ತಯಾರಾದದ್ದು’ ಅಥವಾ ‘ಪರಿವರ್ತನೆಯಾದದ್ದು’, ಎರಡರಲ್ಲಿ ಒಂದನ್ನು ಬರೆಸಿ, ಜೊತೆಗೆ ನಾಲ್ಕೂ ಸಂಖ್ಯೆಗಳನ್ನು ನಮೂದಿಸಿ ಸಹಿ ಹಾಕಿಸಿಕೊಳ್ಳಿ.