ಮಗುವಿನ ಬೆರಳಿನ ಚಳಕ, ಸ್ಪರ್ಶ ಅಳೆಯಲು ನಾಲ್ಕು ಸಾಧನ: ಒಂದೇ ಮೇಜಿನ ಮೇಲೆ ಇಟ್ಟು ನೋಡಿದಾಗ

ದಿನಕ್ಕೆ ನಾಲ್ಕು ಸಲ ಪೆನ್ಸಿಲ್ ಮೊನೆ ಮುರಿಯುವ, ಅಂಗಿಯ ಗುಂಡಿ ಹಾಕಲು ಅಮ್ಮನನ್ನು ಕರೆಯುವ ಏಳು ವರ್ಷದ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. “ಇವಳ ಕೈಯಲ್ಲಿ ಶಕ್ತಿಯೇ ಇಲ್ಲ ಮೇಡಂ” ಎಂದರು ತಾಯಿ. ಶಕ್ತಿ ಇಲ್ಲದವಳು ಅಷ್ಟು ಪೆನ್ಸಿಲ್ ಮುರಿಯುವುದು ಹೇಗೆ? ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕಿ) ಆಗಿ ನಾನು ವರ್ಷಗಳಿಂದ ಬಳಸುತ್ತಿರುವ ಎರಡು ಹಳೆಯ ಸಾಧನಗಳನ್ನೂ ಹೊಸದಾಗಿ ಕೈಗೆ ಬಂದ ಎರಡನ್ನೂ ಅದೇ ಸಮಯದಲ್ಲಿ ಕೆಲವು ಮಕ್ಕಳೊಡನೆ ಬಳಸಿ ನೋಡುತ್ತಿದ್ದೆ. ನಾಲ್ಕರ ವ್ಯತ್ಯಾಸವನ್ನು ನನಗೆ ತಿಳಿಸಿಕೊಟ್ಟವಳು ಈ ಹುಡುಗಿ.

ಮೊದಲನೆಯದು ಒಂಬತ್ತು ಗೂಟದ ಹಲಗೆ. ಬಟ್ಟಲಿನಿಂದ ಒಂದೊಂದೇ ಗೂಟ ತೆಗೆದು ಒಂಬತ್ತು ರಂಧ್ರಗಳಲ್ಲಿ ನೆಟ್ಟು, ಮತ್ತೆ ಕಿತ್ತು ಬಟ್ಟಲಿಗೆ ಹಾಕಬೇಕು. ಎಷ್ಟು ಸೆಕೆಂಡು ಹಿಡಿಯಿತು ಎಂದು ಸ್ಟಾಪ್‌ವಾಚ್ ಹೇಳುತ್ತದೆ. ಇಂಥದೇ ಪರ್ಡ್ಯೂ ಪೆಗ್‌ಬೋರ್ಡ್ ಅನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಟಿಫಿನ್ 1948ರಲ್ಲಿ ರೂಪಿಸಿದ್ದು ಕಾರ್ಖಾನೆಗೆ ಕೆಲಸಗಾರರನ್ನು ಆರಿಸಲು. ಅಲ್ಲಿ ವೇಗವೇ ಮುಖ್ಯವಾಗಿತ್ತು, ಮಕ್ಕಳ ಪರೀಕ್ಷೆಗೂ ಅದೇ ಅಳತೆ ಬಂತು. ಭಾಷೆ ಯಾವುದೇ ಇರಲಿ, ಒಮ್ಮೆ ಮಾಡಿ ತೋರಿಸಿದರೆ ಮಗುವಿಗೆ ಅರ್ಥವಾಗುತ್ತದೆ. ವಯಸ್ಸಿಗೆ ತಕ್ಕ ಕೋಷ್ಟಕಗಳೂ ಇವೆ. ಆದರೆ ಗಮನ ಚದುರಿದವನೂ, ಕೈ ನಡುಗುವವನೂ, ಬೆರಳಿಗೆ ಸ್ಪರ್ಶ ತಿಳಿಯದವನೂ ಇಲ್ಲಿ ಒಂದೇ ಬಗೆಯಲ್ಲಿ “ನಿಧಾನ”. ಹಾಗಾಗಿ ಹಾಳೆಯ ಅಂಚಿನಲ್ಲಿ ನಾನು ಬೇರೆಯೇ ಸಂಗತಿ ಬರೆದುಕೊಳ್ಳುತ್ತೇನೆ: ಗೂಟವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಎತ್ತಿತೇ, ಬಟ್ಟಲಿನ ಅಂಚಿಗೆ ಎಳೆದು ತಂದು ಎತ್ತಿತೇ, ಬೆರಳಲ್ಲೇ ತಿರುಗಿಸಿ ನೇರ ಮಾಡಿತೇ ಅಥವಾ ಇನ್ನೊಂದು ಕೈಯ ನೆರವು ಪಡೆಯಿತೇ. ಅಳಗುಳಿ ಮಣೆ ಆಡುವ ಮಕ್ಕಳಲ್ಲಿ ಈ ಚಲನೆಯನ್ನು ಇನ್ನೂ ಚೆನ್ನಾಗಿ ನೋಡಬಹುದು. ಗುಳಿಯ ಕಾಳುಗಳನ್ನೆಲ್ಲ ಬಾಚಿ ಅಂಗೈಗೆ ಹಾಕಿಕೊಂಡು, ಅಲ್ಲಿಂದ ಒಂದೊಂದನ್ನೇ ಬೆರಳ ತುದಿಗೆ ತಂದು ಬಿಡುವ ಆ ಕೆಲಸವನ್ನು ಗೂಟದ ಹಲಗೆ ಕೇಳುವುದೇ ಇಲ್ಲ.

ಎರಡನೆಯದು ಚರ್ಮಕ್ಕೆ ಒತ್ತಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ಸೆಮ್ಸ್–ವೈನ್‌ಸ್ಟೈನ್ ನೈಲಾನ್ ಎಳೆಗಳು. ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರದಲ್ಲಿ ಪಾದಕ್ಕೆ ಒತ್ತಿ ನೋಡುವ 10 ಗ್ರಾಂ ಎಳೆ ಇದೇ ಕುಟುಂಬದ್ದು. ಕುಷ್ಠರೋಗದ ಆರೈಕೆಯಲ್ಲೂ ಇವು ಬಹಳ ಕಾಲದಿಂದ ಬಳಕೆಯಲ್ಲಿವೆ. ಪ್ರತಿ ಎಳೆಯೂ ಒಂದು ನಿರ್ದಿಷ್ಟ ಒತ್ತಡಕ್ಕೆ ಬಾಗುತ್ತದೆ. ಕೈಗೆ ಬಳಸುವ ಐದರಲ್ಲಿ ತೆಳುವಾದದ್ದು ಸುಮಾರು 0.07 ಗ್ರಾಂಗೆ, ದಪ್ಪನೆಯದು ಸುಮಾರು 300 ಗ್ರಾಂಗೆ ಬಾಗುತ್ತದೆ. ಆರು ವರ್ಷದೊಳಗಿನ ಮಕ್ಕಳೊಡನೆ ಇದು ಬಹಳ ಕಷ್ಟ. ಕಣ್ಣು ಮುಚ್ಚಿ ಕುಳಿತಿರಲಾರರು. ನನ್ನನ್ನು ಮೆಚ್ಚಿಸಲು ಪ್ರತಿ ಸಲವೂ “ಗೊತ್ತಾಯಿತು” ಎನ್ನುತ್ತಾರೆ. ನಡುನಡುವೆ ಎಳೆ ತಾಗಿಸದೆಯೇ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ. ಆ ಹುಡುಗಿಗೆ ಅತಿ ತೆಳುವಾದ ಎಳೆಯೂ ತಿಳಿಯಿತು. ಅಲ್ಲಿಗೆ ಸ್ಪರ್ಶ ಸರಿಯಾಗಿದೆ ಎಂದು ಕಡತ ಮುಚ್ಚಬಹುದಿತ್ತು.

ಮೂರನೆಯದು ಟ್ಯಾಬ್, ಅದರ ಬಗ್ಗೆ ಹೆಚ್ಚು ಹೇಳಲಾರೆ. ಪರದೆಯ ಮೇಲೆ ಚುಕ್ಕೆಯನ್ನು ಹಿಂಬಾಲಿಸು, ಗುರಿಗೆ ಗೆರೆ ಎಳೆ, ದಾರಿಯೊಳಗೆ ಸಾಗು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ತತ್ವದ ಪರೀಕ್ಷೆಯನ್ನು ಬ್ರಾಡ್‌ಫರ್ಡಿನ ಶಾಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದ್ದಾರೆ, ಶಾಲಾ ಮಟ್ಟದ ತಪಾಸಣೆಗೆ ಅದು ನಿಜಕ್ಕೂ ಒಳ್ಳೆಯದು. ಮಕ್ಕಳಿಗೂ ಇದೇ ಅಚ್ಚುಮೆಚ್ಚು. ಆದರೆ ಗಾಜಿಗೆ ತೂಕವಿಲ್ಲ, ಅಂಚಿಲ್ಲ, ಅದು ಕೈಯಿಂದ ಜಾರುವುದೂ ಇಲ್ಲ. ಪರದೆಯ ಮೇಲೆ ಬರೆಯುವ ಕಡ್ಡಿಯ, ಅಂದರೆ ಸ್ಟೈಲಸ್ಸಿನ, ಮೊನೆ ಎಲ್ಲಿ ಹೋಯಿತೆಂದು ಅದಕ್ಕೆ ಗೊತ್ತು, ಆ ಸ್ಟೈಲಸ್ಸನ್ನು ಬೆರಳು ಹೇಗೆ ಹಿಡಿದಿತ್ತೆಂದು ಗೊತ್ತಿಲ್ಲ. ಮನೆಯಲ್ಲಿ ಮೊಬೈಲ್ ಹಿಡಿದೇ ಬೆಳೆದ ಮಗು ಇಲ್ಲಿ ಸುಲಭವಾಗಿ ಗೆಲ್ಲುತ್ತದೆ. ನಮ್ಮ ಹುಡುಗಿಯ ಗೆರೆಗಳೂ ಚೆನ್ನಾಗಿಯೇ ಬಂದವು.

ನಾಲ್ಕನೆಯದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡವೊಂದು ನನ್ನ ಬೇಡಿಕೆಯಂತೆ ಮಾಡಿಕೊಟ್ಟಿತು: ಒಳಗೆ ಒತ್ತಡ ಅಳೆಯುವ ಸೆನ್ಸರ್ ಇರುವ ಮರದ ತುಂಡು. ಎದುರುಬದುರು ಮುಖಗಳ ಒಂದು ಜೋಡಿಗೆ ಉಪ್ಪುಕಾಗದ, ಇನ್ನೊಂದು ಜೋಡಿಗೆ ಚನ್ನಪಟ್ಟಣದ ಬೊಂಬೆಗಳಂತೆ ನುಣುಪಾದ ಅರಗಿನ ಲೇಪ. ಮಗು ಚಿಮಟಿಯಂತೆ ಹಿಡಿದು ಎತ್ತುತ್ತದೆ, ಅಷ್ಟೇ. ಸಂಶೋಧಕರಾದ ಯೋಹಾನ್ಸನ್ ಮತ್ತು ವೆಸ್ಟ್‌ಲಿಂಗ್ 1984ರಲ್ಲಿ ತೋರಿಸಿದಂತೆ, ನಮ್ಮ ಬೆರಳು ವಸ್ತು ಜಾರದಿರಲು ಬೇಕಾದುದಕ್ಕಿಂತ ಸ್ವಲ್ಪವೇ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಮೇಲ್ಮೈ ಒರಟಾದರೆ ಹಿಡಿತ ಸಡಿಲವಾಗುತ್ತದೆ, ನುಣುಪಾದರೆ ಬಿಗಿಯಾಗುತ್ತದೆ. ಈ ಹೊಂದಾಣಿಕೆ ಹುಟ್ಟಿನಿಂದ ಬಂದದ್ದಲ್ಲ. ಎಳೆಯ ಮಕ್ಕಳು ಎತ್ತುವ ಮೊದಲು ವಸ್ತುವನ್ನು ಕೆಳಕ್ಕೇ ಒತ್ತುತ್ತಾರೆಂದು ಸ್ವೀಡನ್ನಿನ ಫೋರ್ಸ್‌ಬರ್ಗ್ ಮತ್ತು ಸಂಗಡಿಗರು 1991ರಲ್ಲಿ ದಾಖಲಿಸಿದರು. ಹಿಡಿತ ಮತ್ತು ಎತ್ತುವಿಕೆ ಜೊತೆಯಾಗಿ ಏರುವುದನ್ನು ಕೈ ವರ್ಷಗಟ್ಟಲೆ ಕಲಿಯುತ್ತದೆ.

ಹುಡುಗಿ ಉಪ್ಪುಕಾಗದವನ್ನೂ ಅರಗನ್ನೂ ಒಂದೇ ಬಿಗಿಯಲ್ಲಿ ಹಿಡಿದಳು, ಅದೂ ಅದೇ ವಯಸ್ಸಿನ ಉಳಿದ ಮಕ್ಕಳಿಗಿಂತ ಎಷ್ಟೋ ಬಿಗಿಯಾಗಿ. ಸುಮ್ಮನೆ ಚಾಚಿದ ಬೆರಳಿಗೆ ತಿಳಿಯುತ್ತಿದ್ದ ಸ್ಪರ್ಶವನ್ನು ಕೆಲಸ ಮಾಡುವ ಬೆರಳು ಬಳಸಿಕೊಳ್ಳುತ್ತಿರಲಿಲ್ಲ. ಜಾರಿಬಿಡುತ್ತದೆ ಎಂಬ ಅಂಜಿಕೆಯಿಂದಲೋ ಏನೋ, ಎಲ್ಲವನ್ನೂ ಅವುಚಿ ಹಿಡಿಯುತ್ತಿದ್ದಳು. ಪೆನ್ಸಿಲ್ ಮೊನೆ ಏಕೆ ಮುರಿಯುತ್ತಿತ್ತೆಂದು ನನಗೆ ಹೊಳೆದದ್ದು ಸೆನ್ಸರಿನ ಅಳತೆ ತೋರಿಸುವ ಪರದೆಯ ಮೇಲೆ ಉಪ್ಪುಕಾಗದದ ಮತ್ತು ಅರಗಿನ ಹಿಡಿತದ ಗೆರೆಗಳು ಒಂದರ ಮೇಲೊಂದು ಕುಳಿತಾಗ. ಖಾತ್ರಿಗಾಗಿ ಬಟ್ಟೆಯ ಚೀಲದೊಳಗೆ ಕೈ ಹಾಕಿಸಿದೆ: ಹುಣಸೆಬೀಜ, ಗುಂಡಿ, ಬೀಗದ ಕೈ, ನಾಣ್ಯ. ಹುಣಸೆಬೀಜವನ್ನು ಗುಂಡಿ ಎಂದಳು, ಎರಡು ಸಲ.

ಸಣ್ಣ ಚಿಕಿತ್ಸಾಲಯ ನಡೆಸುವವರು ಕೇಳಿದರೆ, ಗೂಟದ ಹಲಗೆ ಮತ್ತು ಬಟ್ಟೆ ಚೀಲ ಮೊದಲು ಬರಲಿ ಎನ್ನುತ್ತೇನೆ. ನೈಲಾನ್ ಎಳೆ ನರದ ತೊಂದರೆಯ ಅನುಮಾನವಿದ್ದಾಗ ಬೇಕೇ ಬೇಕು. ಬಾಗಿ ಡೊಂಕಾದ ಎಳೆಯನ್ನು ಮಾತ್ರ ನಂಬಬೇಡಿ. ಟ್ಯಾಬ್ ಕೊನೆಗೆ. ಸೆನ್ಸರ್ ತುಂಡು ನನಗೆ ಅತಿ ಪ್ರಿಯ, ಆದರೆ ಅದಕ್ಕೆ ವಯಸ್ಸಿನ ಕೋಷ್ಟಕವಿಲ್ಲ, ವರದಿಯಲ್ಲಿ ಅದರ ಅಂಕಿಯೊಂದನ್ನೇ ಆಧಾರವಾಗಿ ಬರೆಯಲಾರೆ. ಹೆಚ್ಚು ಹೊತ್ತು ಒತ್ತಿದರೆ ಸೆನ್ಸರಿನ ಅಳತೆ ತಾನಾಗಿಯೇ ಸರಿದು ಹೋಗುವುದೂ ಉಂಟು. ಅದಕ್ಕೇ ಪ್ರತಿದಿನ ಬೆಳಿಗ್ಗೆ ಮೊದಲ ಮಗು ಬರುವ ಮುನ್ನ ತಕ್ಕಡಿಯ 100 ಮತ್ತು 200 ಗ್ರಾಂ ತೂಕದ ಕಲ್ಲುಗಳನ್ನು ಅದರ ಮೇಲಿಟ್ಟು ಸರಿನೋಡುತ್ತೇನೆ.