ಮುಖದಲ್ಲಿ ಕರೆಂಟ್ ಹೊಡ್ದಂಗೆ ನೋವಾಗ್ತಿದ್ರೆ ಹಲ್ಲು ಕೀಳಿಸೋಕೆ ಮುಂಚೆ ಇದನ್ನ ಓದಿ

ನನ್ನ ಬಲಗಡೆ ಕೆಳದವಡೆಯಲ್ಲಿ ಈಗ ಎರಡು ಹಲ್ಲಿಲ್ಲ. ಎರಡೂ ಗಟ್ಟಿಯಾಗಿದ್ದ ಹಲ್ಲು, ಹುಳುಕಿರ್ಲಿಲ್ಲ, ಅಲ್ಲಾಡ್ತಾನೂ ಇರ್ಲಿಲ್ಲ. ಕಾರಣ ಹಲ್ಲಲ್ಲ, ಮುಖದ ನರದ ಕಾಯಿಲೆ, ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂತಾರೆ. ನನಗಾದದ್ದು ಇನ್ನೊಬ್ರಿಗೆ ಆಗ್ಬಾರ್ದು ಅಂತ ಬರೀತಿದೀನಿ.

ಶುರುವಾಗಿದ್ದು ಹಲ್ಲುಜ್ಜುವಾಗ. ಬ್ರಷ್ ವಸಡಿಗೆ ತಾಗಿದ್ದೇ ತಡ, ಗದ್ದದಿಂದ ಕಿವಿವರೆಗೂ ಕರೆಂಟ್ ಹೊಡ್ದಂಗಾಯ್ತು, ಕೈಲಿದ್ದ ಬ್ರಷ್ ಬಿದ್ದೇ ಹೋಯ್ತು. ಮೂರ್ನಾಲ್ಕು ಸೆಕೆಂಡ್ ಅಷ್ಟೇ, ಆಮೇಲೆ ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ಮಾಯ. ಕೆಲವು ವಾರ ಸುಮ್ನಿತ್ತು, ಮತ್ತೆ ಬಂತು, ಆಮೇಲೆ ದಿನಕ್ಕೆ ಹತ್ತಿಪ್ಪತ್ತು ಸಲ. ಟವೆಲ್ ತಾಗಿದ್ರೆ, ಫ್ಯಾನ್ ಗಾಳಿ ಬಡಿದ್ರೆ, ಕೊನೆಗೆ ಪ, ಬ, ಮ ಅನ್ನೋಕೆ ತುಟಿ ಮುಚ್ಚಿದ್ರೂ ಹೊಡೀತಿತ್ತು. ಫೋನ್ ಬಂದ್ರೆ ಎತ್ತೋಕೆ ಹೆದರ್ತಿದ್ದೆ.

ಹಲ್ಲಿನ ಡಾಕ್ಟರ್ ಹತ್ರ ಹೋದೆ. ಎಕ್ಸ್‌ರೇಲಿ ಏನೂ ಕಾಣ್ಲಿಲ್ಲ. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟಾಗ ನೋವು ಪೂರ್ತಿ ನಿಂತೋಯ್ತು, ಹಾಗಾದ್ರೆ ಈ ಹಲ್ಲೇ ಕಾರಣ ಅಂತ ಇಬ್ರೂ ನಂಬಿದ್ವಿ. ಆ ಇಂಜೆಕ್ಷನ್ ಹಲ್ಲನ್ನ ಮಾತ್ರ ಅಲ್ಲ, ಆ ಭಾಗದ ನರವನ್ನೇ ಮರಗಟ್ಟಿಸುತ್ತೆ, ನೋವು ಕೆಣಕೋ ಜಾಗಾನೇ ಸುಮ್ನಾದಾಗ ನೋವೂ ನಿಂತಿತ್ತು ಅಂತ ನಂಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಮೊದಲು ರೂಟ್ ಕೆನಾಲ್, ಆಮೇಲೆ ಅದೇ ಹಲ್ಲು ಕಿತ್ರು. ಹತ್ತು ದಿನ ಆರಾಮಾಗಿತ್ತು, ಈ ಕಾಯಿಲೆ ಹಾಗೇ ಬಂದು ಹೋಗಿ ಮಾಡುತ್ತೆ, ಆದ್ರೆ ನಾನು ಹಲ್ಲು ಕಿತ್ತಿದ್ದಕ್ಕೇ ವಾಸಿಯಾಯ್ತು ಅಂದ್ಕೊಂಡೆ. ಮತ್ತೆ ಬಂದಾಗ ಪಕ್ಕದ ಹಲ್ಲನ್ನೂ ಕಿತ್ತುಬಿಡಿ ಅಂತ ನಾನೇ ಹಠ ಹಿಡಿದೆ, ಅವರೂ ಕಿತ್ರು. ಬೇಡ ಅನ್ನಬೇಕಿತ್ತು ಅವರು, ಆ ಬೇಜಾರು ಇನ್ನೂ ಇದೆ.

ಕೊನೆಗೆ ನ್ಯೂರಾಲಜಿಸ್ಟ್ (ನರರೋಗದ ಡಾಕ್ಟರ್) ಹತ್ರ ಹೋದಾಗ ಎಲ್ಲಿ ನೋವು ತೋರ್ಸಿ ಅಂದ್ರು. ಬೆರಳನ್ನ ಕೆನ್ನೆ ಹತ್ರ ತಗೊಂಡ್ಹೋಗಿ ಒಂದಿಂಚು ದೂರದಲ್ಲೇ ನಿಲ್ಸಿದೆ. "ತೋರಿಸ್ತಿದೀರಿ, ಮುಟ್ತಿಲ್ವಲ್ಲ" ಅಂದ್ರು. ಅಲ್ಲೇ ಅವರಿಗೆ ಅನುಮಾನ ಬಂದಿತ್ತು. ಟ್ರೈಜೆಮಿನಲ್ ನ್ಯೂರಾಲ್ಜಿಯಾ.

ಮಿದುಳಿಂದ ಬರೋ ಐದನೇ ನರ ಮೂರು ಕವಲಾಗಿ ಹಣೆ, ಕೆನ್ನೆ, ಗದ್ದಕ್ಕೆ ಹೋಗುತ್ತೆ, ಹಲ್ಲು ವಸಡಿನ ಸ್ಪರ್ಶಾನೂ ಇದೇ ನರದ್ದು, ಅದಕ್ಕೇ ನೋವು ಹಲ್ಲಲ್ಲೇ ಇದೆ ಅನ್ಸುತ್ತೆ. ಹೆಚ್ಚಿನವರಲ್ಲಿ ನರ ಮಿದುಳಿನ ಬುಡ ಸೇರೋ ಜಾಗದಲ್ಲಿ ಒಂದು ರಕ್ತನಾಳ ಒತ್ತಿ ಒತ್ತಿ ಅದರ ಮೇಲಿನ ಕವಚ ಸವೆದಿರುತ್ತೆ, ಆಗ ಬರೀ ಸ್ಪರ್ಶಾನೂ ನೋವಾಗಿ ಸಿಡಿಯುತ್ತೆ. ನನ್ನ ಎಂಆರ್‌ಐನಲ್ಲಿ ಅದೇ ಕಾಣಿಸ್ತು. ಕೆಲವರಿಗೆ ಗಡ್ಡೆ ಅಥವಾ ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಕವಚ ಹಾಳಾಗೋ ಕಾಯಿಲೆ) ನಿಂದಲೂ ಬರುತ್ತೆ, ಹಾಗಾಗಿ ಸ್ಕ್ಯಾನ್ ಬೇಡ ಅನ್ಬೇಡಿ. (ಬಾಯಿ ಒಂದು ಕಡೆ ವಾಲೋದು, ಕಣ್ಣು ಮುಚ್ಚೋಕಾಗದಿರೋದು ಬೇರೆ, ಅದು ಮುಖ ಅಲ್ಲಾಡಿಸೋ ಏಳನೇ ನರದ್ದು, ಇಲ್ಲಾ ಸ್ಟ್ರೋಕೂ ಇರಬಹುದು. ಹಾಗಾದ್ರೆ ಒಂದು ನಿಮಿಷಾನೂ ಕಾಯದೆ ಆಸ್ಪತ್ರೆಗೆ ಓಡಿ.)

ಹಲ್ಲಿನ ಡಾಕ್ಟರ್ ಹತ್ರ ಹೋಗ್ಲೇಬೇಡಿ ಅಂತ ನಾನು ಹೇಳ್ತಿಲ್ಲ, ಬಿರುಕು ಬಿಟ್ಟ ಹಲ್ಲೂ ಕಚ್ಚಿದಾಗ ಹೀಗೇ ಚುಳ್ ಅನ್ನುತ್ತೆ, ಮೊದಲು ಅಲ್ಲೇ ತೋರಿಸಬೇಕು. ಆದ್ರೆ ಹಲ್ಲುನೋವು ಸಾಮಾನ್ಯವಾಗಿ ಗಂಟೆಗಟ್ಟಲೆ ಜುಂ ಅಂತಿರುತ್ತೆ. ಇದು ಸೆಕೆಂಡ್‌ಗಳಲ್ಲಿ, ಹೆಚ್ಚಂದ್ರೆ 2 ನಿಮಿಷದಲ್ಲಿ ಮುಗಿಯುತ್ತೆ, ಒಂದೇ ಕಡೆ ಬರುತ್ತೆ, ಮೆಲ್ಲಗೆ ಮುಟ್ಟಿದ್ರೂ ಹೊಡೆಯುತ್ತೆ, ಮಾಮೂಲಿ ಪೇನ್‌ಕಿಲ್ಲರ್‌ಗೆ ಜಗ್ಗಲ್ಲ.

ನಂಗೆ ಕಾರ್ಬಮಾಜೆಪಿನ್ ಅನ್ನೋ ಮಾತ್ರೆ ಕೊಟ್ರು, ಕಡಿಮೆ ಡೋಸಿಂದ ನಿಧಾನಕ್ಕೆ ಏರಿಸಿದ್ರು. ಮೂರನೇ ದಿನ ತಲೆ ತಿರುಗ್ತಿತ್ತು, ಆದ್ರೆ ಎಷ್ಟೋ ತಿಂಗಳಾದ್ಮೇಲೆ ಭಯವಿಲ್ದೆ ಮುಖ ತೊಳೆದೆ, ಅತ್ತೇಬಿಟ್ಟೆ. ಆದ್ರೆ ಇದನ್ನ ಓದಿ ಮೆಡಿಕಲ್ ಶಾಪಿಂದ ನೀವಾಗೇ ತಂದು ನುಂಗ್ಬೇಡಿ ದಯವಿಟ್ಟು. ಏಷ್ಯಾದವರಲ್ಲಿ ಕೆಲವರಿಗೆ ಎಚ್‌ಎಲ್‌ಎ-ಬಿ 1502 ಅನ್ನೋ ಜೀನ್ ಇರುತ್ತೆ, ಅಂಥವರಿಗೆ ಈ ಮಾತ್ರೆಯಿಂದ ಚರ್ಮ ಸುಲಿದು ಪ್ರಾಣಕ್ಕೇ ಕುತ್ತು ಬರಬಹುದು, ಶುರು ಮಾಡೋಕೆ ಮುಂಚೆ ಆ ಟೆಸ್ಟ್ ಬಗ್ಗೆ ಕೇಳಿ. ಮೈಮೇಲೆ ಗುಳ್ಳೆ, ಕೆಂಪು ಕಲೆ ಕಂಡ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ. ಸೋಡಿಯಂ ಇಳಿಯೋ ಸಾಧ್ಯತೆ ಇರೋದ್ರಿಂದ ರಕ್ತಪರೀಕ್ಷೆ ಮಾಡಿಸ್ತಿರ್ಬೇಕು. ಮಾತ್ರೆ ಕೈಕೊಟ್ರೆ ನರಕ್ಕೂ ರಕ್ತನಾಳಕ್ಕೂ ಮಧ್ಯೆ ಸಣ್ಣ ಮೆತ್ತೆ ಇಡೋ ಆಪರೇಷನ್ ಕೂಡ ಇದೆ.

ನಿಮಗೋ ಮನೆಯವರಿಗೋ ಹೀಗಾಗ್ತಿದ್ರೆ ಒಂದು ಚೀಟೀಲಿ ಬರೆದಿಟ್ಕೊಳ್ಳಿ, ಏನು ತಾಗಿದಾಗ ಹೊಡೀತು, ಎಷ್ಟು ಸೆಕೆಂಡ್ ಇತ್ತು, ಮಧ್ಯೆ ಎಷ್ಟು ದಿನ ಸುಮ್ನಿತ್ತು ಅಂತ. ಹಲ್ಲಿನ ಎಕ್ಸ್‌ರೇ ಕ್ಲೀನ್ ಇದ್ರೆ ಆ ಚೀಟಿ ಹಿಡ್ಕೊಂಡು ನ್ಯೂರಾಲಜಿಸ್ಟ್ ಹತ್ರ ಹೋಗಿ, ಅವರು ನೋಡೋವರೆಗೂ ಒಂದು ಹಲ್ಲನ್ನೂ ಕೀಳಿಸ್ಬೇಡಿ.